ಮ್ಯಾಕ್‌ಗೈವರ್ ಮೊದಲ ಎಪಿಸೋಡ್ ಮಗನ ಜೊತೆ ನೋಡಬೇಕು, ನಿಮ್ಮ ಅನುಭವ ಹೇಳಿ

ಕೇಳಿದವರು, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಮನೆಗೆ ಕೇಬಲ್ ಬಂತು. ಅಲ್ಲಿ ನೆಲದ ಮೇಲೆ ಕೂತು, ಕೈಗೆ ಸಿಕ್ಕ ಸಾಮಾನಿನಲ್ಲೇ ಅಪಾಯದಿಂದ ಪಾರಾಗುವ ಹೀರೋ ಇರುವ ಅಮೆರಿಕದ ಸೀರಿಯಲ್ ಮ್ಯಾಕ್‌ಗೈವರ್ ನೋಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಆ ಮನುಷ್ಯ ಜೇಬಿನಿಂದ ಸಣ್ಣ ಚಾಕು ತೆಗೆದ ಅಂದರೆ ನಾವೆಲ್ಲ ಉಸಿರು ಬಿಗಿ ಹಿಡಿದು ಕೂರುತ್ತಿದ್ದೆವು. ಈಗ ಹುಬ್ಬಳ್ಳಿಯ ನನ್ನ ಚಿಕ್ಕಪ್ಪನ ಮಗ ಮತ್ತು ನಾನು ಮೊದಲಿನಿಂದ ಮತ್ತೆ ನೋಡೋಣ ಅಂತ ತೀರ್ಮಾನ ಮಾಡಿದ್ದೇವೆ. ಈ ಭಾನುವಾರದಿಂದ ವಾರಕ್ಕೊಂದು ಎಪಿಸೋಡ್. ನೋಡಿದ ಮೇಲೆ ಫೋನಿನಲ್ಲಿ ಮಾತು. ನನ್ನ ಮಗನಿಗೆ 10 ವರ್ಷ, ಅವನೂ ಕೂರುತ್ತೇನೆ ಅಂದಿದ್ದಾನೆ.

ನನಗೆ ಎರಡು ಚಿಂತೆ. ಒಂದು, 1985ರ ಸೀರಿಯಲ್, ಅವನಿಗೆ ಬೋರ್ ಆದರೆ? ಎರಡು, ಅದರಲ್ಲಿ ತೋರಿಸಿದ್ದನ್ನು ಮನೆಯಲ್ಲಿ ಮಾಡಲು ಹೋದರೆ? ಅವನು ಸುಮ್ನೆ ಕೂರುವ ಹುಡುಗ ಅಲ್ಲ. ಮಕ್ಕಳ ಜೊತೆ ನೋಡಿದವರು ಇದ್ದರೆ ಹೇಗೆ ಮಾಡಿದಿರಿ ಅಂತ ದಯವಿಟ್ಟು ತಿಳಿಸಿ.

ಬೆಂಗಳೂರಿನಿಂದ, ಇಬ್ಬರು ಮಕ್ಕಳ ತಾಯಿ

ನಾವು ಹೋದ ವರ್ಷ ನೋಡಿದೆವು. ಮಗಳಿಗೆ ಆಗ 9, ಮಗನಿಗೆ 12. ಹೇಗಾಯಿತು ಅಂತ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಮೊದಲ ಹತ್ತು ನಿಮಿಷ ಸ್ವಲ್ಪ ಕಷ್ಟ. ಆಗಿನ ಎಪಿಸೋಡ್‌ಗಳಲ್ಲಿ ಶುರುವಿಗೆ ಒಂದು ಸಣ್ಣ ಸಾಹಸ ಬರುತ್ತದೆ, ಮುಂದಿನ ಕಥೆಗೂ ಅದಕ್ಕೂ ಸಂಬಂಧ ಇರುವುದಿಲ್ಲ. ನನ್ನ ಮಗಳು ಕೊನೆಯವರೆಗೂ "ಅಮ್ಮ, ಮೊದಲು ಬಂದ ಆ ಸೈನಿಕರು ಏನಾದರು?" ಅಂತ ಕೇಳುತ್ತಲೇ ಇದ್ದಳು. ಇದನ್ನು ಮೊದಲೇ ಹೇಳಿಬಿಡಿ, ಗೊಂದಲ ಆಗುವುದಿಲ್ಲ.

ಆಮೇಲೆ ಅಸಲಿ ಕಥೆ. ನೆಲದಡಿಯ ದೊಡ್ಡ ಲ್ಯಾಬ್, ಸ್ಫೋಟ, ಒಳಗೆ ಸಿಕ್ಕಿಹಾಕಿಕೊಂಡ ವಿಜ್ಞಾನಿಗಳು, ಟ್ಯಾಂಕಿನಿಂದ ಸೋರುತ್ತಿರುವ ಸಲ್ಫ್ಯೂರಿಕ್ ಆಸಿಡ್, ಕೈಯಲ್ಲಿರುವುದು ಕೆಲವೇ ಗಂಟೆ. ಮ್ಯಾಕ್‌ಗೈವರ್ ಇಳಿಯುವಾಗ ದೊಡ್ಡ ಸಾಮಾನು ಏನೂ ತೆಗೆದುಕೊಂಡು ಹೋಗುವುದಿಲ್ಲ. ಅಲ್ಲಿಂದ ನನ್ನ ಮಕ್ಕಳು ಅಲುಗಾಡಲಿಲ್ಲ.

ನಾನು ಮಾಡಿದ ಒಂದು ಕೆಲಸ ಚೆನ್ನಾಗಿ ಫಲ ಕೊಟ್ಟಿತು. ಅವನು ಏನಾದರೂ ಕೈಗೆತ್ತಿಕೊಂಡ ತಕ್ಷಣ ಪಾಜ್ ಒತ್ತುತ್ತಿದ್ದೆ. "ಈಗ ಏನು ಮಾಡ್ತಾನೆ, ಹೇಳಿ" ಅಂತ ಕೇಳುತ್ತಿದ್ದೆ. ಕಬ್ಬಿಣದ ತೊಲೆ ಅಡ್ಡ ಬಿದ್ದಿರುವ ಒಂದು ದೃಶ್ಯ ಇದೆ. ಅವನು ಬೆಂಕಿ ಆರಿಸುವ ನೀರಿನ ಪೈಪನ್ನು ಮಡಚಿ ತೊಲೆಯ ಕೆಳಗೆ ತುರುಕುತ್ತಾನೆ. ಅಲ್ಲಿ ನಿಲ್ಲಿಸಿದೆ. ಮಗ "ಹಗ್ಗದ ತರ ಕಟ್ಟಿ ಎಳೀತಾನೆ" ಅಂದ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು "ನೀರು ಬಿಟ್ರೆ ಊದಿಕೊಳ್ಳುತ್ತೆ ಅಲ್ವಾ?" ಅಂದಳು. ಪ್ಲೇ ಒತ್ತಿದೆ. ನೀರು ನುಗ್ಗಿತು, ಪೈಪ್ ಉಬ್ಬಿತು, ತೊಲೆ ಎದ್ದಿತು. ಅವಳ ಮುಖ ನೀವು ನೋಡಬೇಕಿತ್ತು!

ಮರುದಿನ ಬೆಳಿಗ್ಗೆ ನಾವೇ ಮಾಡಿ ನೋಡಿದೆವು. ಹಾಲಿನ ಖಾಲಿ ಕವರ್ ತೊಳೆದು, ಬಾಯಿಗೆ ಸ್ಟ್ರಾ ಇಟ್ಟು, ಗಾಳಿ ಹೋಗದ ಹಾಗೆ ಟೇಪ್ ಸುತ್ತಿದೆವು. ಅದನ್ನು ಮೇಜಿನ ಮೇಲಿಟ್ಟು ಮೇಲೆ ನಮ್ಮತ್ತೆಯವರ ದಪ್ಪ ನಿಘಂಟು. ಮಗಳು ಸ್ಟ್ರಾದಲ್ಲಿ ಊದಿದಳು. ನಿಘಂಟು ನಿಧಾನಕ್ಕೆ ಎದ್ದಿತು. ಆಮೇಲೆ ಅದರ ಮೇಲೆ ಇನ್ನೊಂದು ಪುಸ್ತಕ, ಇನ್ನೊಂದು ಪುಸ್ತಕ. ಶಾಲೆಯ ವ್ಯಾನ್ ತಪ್ಪಿತು, ಬೇಜಾರಾಗಲಿಲ್ಲ.

ಶಿವಮೊಗ್ಗದಿಂದ, ಕೆಮಿಸ್ಟ್ರಿ ಪಾಠ ಮಾಡಿ ನಿವೃತ್ತಿಯಾದವರು

ನಿಮ್ಮ ಎರಡನೇ ಚಿಂತೆಯ ಬಗ್ಗೆ ನಾನು ಹೇಳುತ್ತೇನೆ. ಯಾಕೆಂದರೆ ಆ ಎಪಿಸೋಡಿನ ಮುಖ್ಯ ದೃಶ್ಯವೇ ನನ್ನ ಪಾಠ.

ಸೋರುವ ಆಸಿಡ್ ನಿಲ್ಲಿಸಲು ಅವನು ಮಿಲ್ಕ್ ಚಾಕೊಲೇಟ್ ಬಳಸುತ್ತಾನೆ. ತುಂಡುಗಳನ್ನು ಬಿರುಕಿನ ಮೇಲೆ ಒತ್ತಿದರೆ ಸೋರಿಕೆ ಮುಚ್ಚಿಕೊಳ್ಳುತ್ತದೆ. ಇದು ಬರೀ ಕಥೆ ಅಲ್ಲ. ಗಾಢ ಸಲ್ಫ್ಯೂರಿಕ್ ಆಸಿಡ್‌ಗೆ ನೀರು ಅಂದರೆ ವಿಪರೀತ ಹಸಿವು. ಸಕ್ಕರೆ ಸಿಕ್ಕರೆ ಅದರೊಳಗಿನ ನೀರಿನ ಅಂಶವನ್ನೇ ಕಿತ್ತುಕೊಳ್ಳುತ್ತದೆ. ಉಳಿಯುವುದು ಕಾರ್ಬನ್, ಅಂದರೆ ಇದ್ದಿಲು. ಚಾಕೊಲೇಟಿನಲ್ಲಿ ಸಕ್ಕರೆಯೂ ಇದೆ, ಹಾಲಿನ ಸಕ್ಕರೆಯೂ ಇದೆ. ಆಸಿಡ್ ತಾಗಿದರೆ ಅಂಟಂಟಾದ ಕಪ್ಪು ಮುದ್ದೆ ಆಗುತ್ತದೆ. ಮಿಥ್‌ಬಸ್ಟರ್ಸ್ ಕಾರ್ಯಕ್ರಮದವರು ಇದನ್ನು ಪರೀಕ್ಷೆ ಮಾಡಿದಾಗ ನಿಜಕ್ಕೂ ಸೋರಿಕೆ ನಿಂತಿತು. ಅದೇ ಎಪಿಸೋಡಿನಲ್ಲಿ ಸೋಡಿಯಂ ಲೋಹವನ್ನು ನೀರಿಗೆ ಹಾಕಿ ಗೋಡೆ ಒಡೆಯುತ್ತಾನಲ್ಲ, ಅದನ್ನೂ ಅವರು ಮಾಡಿ ನೋಡಿದರು. ಗೋಡೆ ಒಡೆಯಲಿಲ್ಲ. ಈ ಎರಡನ್ನೂ ಹುಡುಗನಿಗೆ ಹೇಳಿ. ಟಿವಿಯಲ್ಲಿ ಕಂಡದ್ದೆಲ್ಲ ನಿಜವೂ ಅಲ್ಲ, ಸುಳ್ಳೂ ಅಲ್ಲ, ಪರೀಕ್ಷೆ ಮಾಡಿದರೇ ಗೊತ್ತಾಗುವುದು ಅಂತ ಅವನಿಗೆ ಅಲ್ಲೇ ಅರ್ಥವಾಗುತ್ತದೆ.

ಕಾಲೇಜಿನಲ್ಲಿ ನಾನು ಪ್ರತಿ ವರ್ಷ ಬೀಕರಿನಲ್ಲಿ ಸಕ್ಕರೆ ಹಾಕಿ ಆಸಿಡ್ ಸುರಿದು ತೋರಿಸುತ್ತಿದ್ದೆ. ಬಿಳಿ ಸಕ್ಕರೆ ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಕಪ್ಪು. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಹಬೆ ಬಿಡುತ್ತಾ ಕಪ್ಪು ಕಂಬ ಬೀಕರಿನಿಂದ ಮೇಲೆ ಏಳುತ್ತದೆ. ಸುಟ್ಟ ಸಕ್ಕರೆಯ ವಾಸನೆ ಇಡೀ ಕೋಣೆಗೆ ಹರಡುತ್ತದೆ. ಕೊನೇ ಬೆಂಚಿನ ಹುಡುಗರೂ ಎದ್ದು ನಿಲ್ಲುತ್ತಿದ್ದರು. ಅದು ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಮೈಗೆ ಆಸಿಡ್ ಸಿಡಿದರೆ ಜೀವಮಾನದ ಗಾಯ. ಆದ್ದರಿಂದ ಮನೆಯಲ್ಲಿ ಬೇಡವೇ ಬೇಡ.

ಮನೆಯಲ್ಲಿ ಆಸಿಡ್ ಎಲ್ಲಿದೆ ಅಂತ ಕೇಳಬೇಡಿ. ಇನ್ವರ್ಟರ್ ಬ್ಯಾಟರಿಯೊಳಗೆ ಇರುವುದು ಇದೇ ಸಲ್ಫ್ಯೂರಿಕ್ ಆಸಿಡ್, ನೀರು ಬೆರೆಸಿದ್ದು. ಟಾಯ್ಲೆಟ್ ತೊಳೆಯುವ ಬಾಟಲಿಯಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದಕ್ಕೆ ಬ್ಲೀಚ್ ಸೇರಿದರೆ ವಿಷದ ಕ್ಲೋರಿನ್ ಗಾಳಿ ಬರುತ್ತದೆ. ಭಾನುವಾರಕ್ಕೆ ಮೊದಲು ಆ ಬಾಟಲಿಗಳನ್ನು ಎತ್ತರದ ಕಪಾಟಿಗೆ ಹಾಕಿ.

ಬೇಡ ಅಂತ ಮಾತ್ರ ಹೇಳಿದರೆ ಮಕ್ಕಳು ಕೇಳುವುದಿಲ್ಲ, ಬದಲಿಗೆ ಏನಾದರೂ ಕೊಡಬೇಕು. ನಮ್ಮಲ್ಲಿ ಆರತಿ ನೀರು ಇದೆಯಲ್ಲ, ಅದನ್ನೇ ಕೊಡಿ. ಲೋಟದ ನೀರಿಗೆ ಚಿಟಿಕೆ ಅರಿಶಿನ ಹಾಕಿ, ನೀವೇ ತುಸು ಸುಣ್ಣ ಸೇರಿಸಿ. ಹಳದಿ ನೀರು ಕುಂಕುಮದ ಹಾಗೆ ಕೆಂಪಾಗುತ್ತದೆ. ಆಮೇಲೆ ಹುಡುಗನ ಕೈಗೆ ನಿಂಬೆಹಣ್ಣು ಕೊಡಿ, ಹನಿ ಹನಿಯಾಗಿ ಹಿಂಡಲಿ. ಕೆಂಪು ಹೋಗಿ ಮತ್ತೆ ಹಳದಿ ಬರುತ್ತದೆ. ಆಸಿಡ್ ಅಂದರೇನು, ಅದನ್ನು ತಣಿಸುವುದು ಅಂದರೇನು ಅಂತ ಇಷ್ಟರಲ್ಲೇ ಕಾಣುತ್ತದೆ. ಅಜ್ಜಿ ಇಷ್ಟು ವರ್ಷ ಬಾಗಿಲಲ್ಲಿ ಮಾಡುತ್ತಿದ್ದದ್ದು ಕೆಮಿಸ್ಟ್ರಿ ಅಂತಲೂ ಗೊತ್ತಾಗುತ್ತದೆ. ಸುಣ್ಣ ಕಣ್ಣಿಗೆ ಬೀಳಬಾರದು, ಅಷ್ಟು ಎಚ್ಚರ ಇರಲಿ.

ಇನ್ನೊಂದು ವಿಷಯ. ಈ ಸೀರಿಯಲ್ ಮಾಡಿದವರಿಗೂ ನಿಮ್ಮ ಚಿಂತೆಯೇ ಇತ್ತು. ಅಪಾಯದ ಮಿಶ್ರಣಗಳನ್ನು ತೋರಿಸುವಾಗ ಬೇಕಂತಲೇ ಒಂದು ಮುಖ್ಯ ವಸ್ತುವನ್ನು ಬಿಡುತ್ತಿದ್ದರು. ನೋಡಿದ ಹುಡುಗರು ಹಾಗೇ ಮಾಡಿದರೂ ಕೆಲಸ ಮಾಡಬಾರದು ಅಂತ. ಆ ಜವಾಬ್ದಾರಿ ನನಗೆ ತುಂಬಾ ಇಷ್ಟ.

ಧಾರವಾಡದಿಂದ, ಮೂರು ಸಲ ಪೂರ್ತಿ ನೋಡಿದವರು

ಸರ್ ಹೇಳಿದ ಮೇಲೆ ಕೆಮಿಸ್ಟ್ರಿ ನಾನು ಮುಟ್ಟುವುದಿಲ್ಲ. ಅಣ್ಣ, ನೀವು ನಿಮ್ಮ ತಮ್ಮನ ಜೊತೆ ಫೋನಿನಲ್ಲಿ ಮಾತಾಡಲು ಸ್ವಲ್ಪ ಸರಕು ಕೊಡುತ್ತೇನೆ.

ಮೊದಲ ಎಪಿಸೋಡ್ ಅಮೆರಿಕದ ಎಬಿಸಿ ಚಾನೆಲ್‌ನಲ್ಲಿ ಬಂದದ್ದು 1985ರ ಸೆಪ್ಟೆಂಬರ್ 29ಕ್ಕೆ. ನಿರ್ದೇಶಕರ ಹೆಸರು ಬರುವಾಗ ನಿಲ್ಲಿಸಿ ಓದಿ. ಅಲನ್ ಸ್ಮಿಥೀ ಅಂತ ಇರುತ್ತದೆ. ಅಂಥ ಮನುಷ್ಯ ಇಲ್ಲ. ನಿರ್ದೇಶಕರು ತಮ್ಮ ಹೆಸರು ಹಾಕುವುದು ಬೇಡ ಅಂದಾಗ ಹಾಲಿವುಡ್‌ನಲ್ಲಿ ಬಳಸುತ್ತಿದ್ದ ಹೆಸರು ಅದು. ನನಗೆ ಮಾತ್ರ ಆ ಎಪಿಸೋಡ್ ಹೆಸರು ಮುಚ್ಚಿಡುವಂಥದ್ದು ಅಂತ ಅನಿಸಿಲ್ಲ.

ಇನ್ನೊಂದು ಗಮನಿಸಿ. ಲ್ಯಾಬಿನ ಉಸ್ತುವಾರಿ ನೋಡುವ ಬೋಳು ತಲೆಯ ಹಿರಿಯರು ಇದ್ದಾರಲ್ಲ, ಅವರು ಡಾನಾ ಎಲ್ಕಾರ್. "ಇವರು ಮ್ಯಾಕ್‌ಗೈವರ್‌ನ ಬಾಸ್, ಗೆಳೆಯ ಪೀಟ್ ಥಾರ್ನ್‌ಟನ್ ಅಲ್ವಾ?" ಅಂತ ನಿಮಗೆ ಅನಿಸುತ್ತದೆ. ಅಲ್ಲ! ಇಲ್ಲಿ ಅವರ ಪಾತ್ರದ ಹೆಸರು ಆಂಡಿ ಕಾಲ್ಸನ್. ಅದೇ ಸೀಸನ್‌ನಲ್ಲಿ ಮುಂದೆ ಅವರನ್ನೇ ಕರೆಸಿ ಪೀಟ್ ಮಾಡಿದರು. ನಾನು ಮೊದಲ ಸಲ ನೋಡಿದಾಗ ಇದು ಗೊತ್ತೇ ಆಗಿರಲಿಲ್ಲ. ಮುಂದೆ ಎಲ್ಕಾರ್ ಅವರಿಗೆ ನಿಜವಾಗಿಯೂ ಗ್ಲಾಕೋಮಾ ಬಂದು ಕಣ್ಣು ಮಂಜಾಗುತ್ತಾ ಬಂತು. ಅವರನ್ನು ತೆಗೆದುಹಾಕಲಿಲ್ಲ. ಪೀಟ್‌ಗೂ ಕಣ್ಣು ಕಾಣದಂತಾಗುವ ಹಾಗೆ ಕಥೆಯನ್ನೇ ಬರೆದರು. ಅದನ್ನು ತಿಳಿದು ಮೊದಲ ಎಪಿಸೋಡಿನಲ್ಲಿ ಅವರ ಚುರುಕು ನೋಟ ನೋಡಿದರೆ ಗಂಟಲು ಕಟ್ಟುತ್ತದೆ.

ಮ್ಯಾಕ್‌ಗೈವರ್ ಪಾತ್ರಕ್ಕೆ ರಿಚರ್ಡ್ ಡೀನ್ ಆಂಡರ್ಸನ್ ಆಯ್ಕೆಯಾದ ಕಥೆಯೂ ಚಂದ. ಆಡಿಷನ್‌ನಲ್ಲಿ ಓದಲು ಕೊಟ್ಟಾಗ ಕನ್ನಡಕ ಹಾಕಿಕೊಳ್ಳಬಹುದಾ ಅಂತ ಕೇಳಿದರಂತೆ. ಹೀರೋ ಆಗಲು ಬಂದವನಿಗೆ ಈ ಸಂಕೋಚವಿಲ್ಲದ ಗುಣ ಇದೆಯಲ್ಲ ಅಂತ ನಿರ್ಮಾಪಕರಿಗೆ ಹಿಡಿಸಿತು. ಆ ಗುಣವೇ ಪಾತ್ರ ಆಯಿತು ಅಂತ ನನ್ನ ನಂಬಿಕೆ.

ಎರಡನೇ ವಾರಕ್ಕೆ ಥೀಫ್ ಆಫ್ ಬುಡಾಪೆಸ್ಟ್ ಹಾಕಿ. ಸಣ್ಣ ಕಾರುಗಳ ಓಟ ಹುಡುಗರಿಗೆ ಬಹಳ ಹಿಡಿಸುತ್ತದೆ. ಆ ಓಟದ ದೃಶ್ಯಗಳು 1969ರ ದಿ ಇಟಾಲಿಯನ್ ಜಾಬ್ ಸಿನಿಮಾದಿಂದ ತಂದದ್ದು. ಟ್ರಂಬೋಸ್ ವರ್ಲ್ಡ್ ಇರುವೆಗಳ ಎಪಿಸೋಡ್, ರಾತ್ರಿ ಬೇಡ, ಹಗಲು ನೋಡಿ. ಒಟ್ಟು 7 ಸೀಸನ್, 139 ಎಪಿಸೋಡ್ ಇವೆ. ವಾರಕ್ಕೊಂದಾದರೆ ಹುಡುಗ ಮಿಡ್ಲ್ ಸ್ಕೂಲ್ ಮುಗಿಸುವವರೆಗೂ ಸಾಕು.

ವ್ಯಾಂಕೂವರಿನಿಂದ

ಮೂರರಿಂದ ಆರನೇ ಸೀಸನ್‌ವರೆಗೆ ನಮ್ಮೂರಲ್ಲೇ ಶೂಟಿಂಗ್ ಆಗಿದ್ದು. ನಾವು ಇಲ್ಲಿಗೆ ಬಂದು ನೆಲೆಸಿದ ಮೇಲೆ ಅದು ಗೊತ್ತಾಯಿತು. ಯಾವ ದೇಶದ ಕಥೆಯೇ ಇರಲಿ, ಹಿಂದೆ ಇಲ್ಲಿನ ದೇವದಾರು ಮರಗಳು ಕಾಣುತ್ತವೆ. ಮಕ್ಕಳು "ಅದು ನಮ್ಮ ಕಾಡು!" ಅಂತ ಕೂಗುತ್ತಾರೆ. ನೀವು ಆ ಸೀಸನ್‌ಗಳಿಗೆ ಬಂದಾಗ ತಿಳಿಸಿ, ಜೊತೆಗೆ ನೋಡೋಣ.

ಮಂಗಳೂರಿನಿಂದ, 8 ವರ್ಷದ ಮಗನ ತಾಯಿ

ಬಂದೂಕಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮ್ಯಾಕ್‌ಗೈವರ್ ಬಂದೂಕು ಮುಟ್ಟದವನು ಅಂತ ಮಗನಿಗೆ ಹೇಳಿ ಕೂರಿಸಿದ್ದೆ. ಮೊದಲ ಎಪಿಸೋಡಿನ ಶುರುವಿನಲ್ಲೇ ಅವನು ಗುಂಡು ಹಾರಿಸುತ್ತಾನೆ. ಮಗ ನನ್ನ ಕಡೆ ತಿರುಗಿ "ನೀನು ಹೇಳಿದ್ದು ಸುಳ್ಳು" ಅಂದ. ಪಾತ್ರ ಇನ್ನೂ ರೂಪುಗೊಳ್ಳುತ್ತಿದ್ದ ಹೊತ್ತು ಅದು. ಚಿಕ್ಕವನಿದ್ದಾಗ ಬಂದೂಕಿನ ಆಕಸ್ಮಿಕದಲ್ಲಿ ಗೆಳೆಯ ಸತ್ತದ್ದರಿಂದ ಇವನಿಗೆ ಬಂದೂಕು ಬೇಡವಾಯಿತು ಅಂತ ನಾಲ್ಕನೇ ಸೀಸನ್‌ನ ಬ್ಲಡ್ ಬ್ರದರ್ಸ್ ಎಪಿಸೋಡಿನಲ್ಲಿ ಹೇಳುತ್ತಾರೆ. ಮೊದಲೇ ತಿಳಿಸಿಡಿ, ಮಕ್ಕಳು ಇಂಥದ್ದನ್ನು ಬಿಡುವುದಿಲ್ಲ.

ಎರಡನೆಯದು, ನಮ್ಮಲ್ಲಿ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ನೋಡಿದ ಮೂರನೇ ದಿನ ಮಗ ಹೇರ್‌ಪಿನ್ ಬಗ್ಗಿಸಿಕೊಂಡು ಪ್ಲಗ್ ಪಾಯಿಂಟಿನ ಮುಂದೆ ಕೂತಿದ್ದ. ನನ್ನ ಎದೆ ಧಸಕ್ ಅಂತು. ಅಂದಿನಿಂದ ಮನೆಯಲ್ಲಿ ಮೂರೇ ನಿಯಮ. ಕರೆಂಟ್, ಬೆಂಕಿ, ಬಾಟಲಿಯ ದ್ರವ, ಈ ಮೂರೂ ದೊಡ್ಡವರ ಜೊತೆ ಮಾತ್ರ. ಉಳಿದದ್ದಕ್ಕೆಲ್ಲ ಅವನಿಗೆ ಸ್ವಾತಂತ್ರ್ಯ. ಹಳೇ ಬಿಸ್ಕೆಟ್ ಡಬ್ಬಿಯಲ್ಲಿ ಟೇಪ್, ದಾರ, ರಬ್ಬರ್ ಬ್ಯಾಂಡ್, ಕ್ಲಿಪ್, ಮುರಿದ ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿ ಕೊಟ್ಟೆ. ಹೇರ್‌ಪಿನ್ ಯೋಚನೆ ಮತ್ತೆ ಬರಲಿಲ್ಲ.

ಲೇಸರ್ ದೃಶ್ಯಕ್ಕೂ ಮನೆಯಲ್ಲೇ ದಾರಿ ಇದೆ. ಕಣ್ಣಿಗೆ ಕಾಣದ ಲೇಸರ್ ಗೆರೆಯನ್ನು ಅವನು ಹೊಗೆಯಲ್ಲಿ ಕಂಡುಹಿಡಿಯುತ್ತಾನೆ. ನಾವು ರಾತ್ರಿ ದೇವರ ಕೋಣೆಯ ಲೈಟ್ ಆರಿಸಿ, ನಾನು ಊದುಬತ್ತಿ ಹಿಡಿದೆ, ಮಗ ಟಾರ್ಚ್ ಬಿಟ್ಟ. ಹೊಗೆ ಹಾದುಹೋದಲ್ಲಿ ಬೆಳಕು ಕೋಲಿನ ಹಾಗೆ ಕಂಡಿತು. ಟಾರ್ಚ್ ಸಾಕು, ಲೇಸರ್ ಪಾಯಿಂಟರ್ ಬೇಡ, ಕಣ್ಣಿಗೆ ಕೆಟ್ಟದ್ದು.

ಮೈಸೂರಿನಿಂದ, ಮತ್ತೆ

ಎಲ್ಲರಿಗೂ ಧನ್ಯವಾದ. ಭಾನುವಾರ ನೋಡಿದೆವು. ಬೆಳಿಗ್ಗೆಯೇ ಬಾಟಲಿಗಳು ಮೇಲಿನ ಕಪಾಟಿಗೆ ಹೋದವು. ಮಂಗಳೂರಿನ ಅಕ್ಕ ಹೇಳಿದ ಡಬ್ಬಿಯೂ ತಯಾರಾಯಿತು.

ಮಾತಿನ ದೃಶ್ಯಗಳಲ್ಲಿ ಮಗ ಎರಡು ಸಲ ನೀರು ಕುಡಿಯಲು ಎದ್ದ. ಅವನ ಇಂಗ್ಲಿಷ್‌ಗೆ ಮಾತು ವೇಗ ಜಾಸ್ತಿ ಆಯಿತು, ನಾನು ನಿಲ್ಲಿಸಿ ಕನ್ನಡದಲ್ಲಿ ಹೇಳಿದೆ. ಪೈಪಿನ ದೃಶ್ಯದಲ್ಲಿ ಪಾಜ್ ಒತ್ತಿದೆ. ಅವನಿಗೆ ಉತ್ತರ ಹೊಳೆಯಲಿಲ್ಲ. ಫೋನಿನಲ್ಲಿದ್ದ ನನ್ನ ತಮ್ಮ ಹುಬ್ಬಳ್ಳಿಯಿಂದ "ನೀರ್ ಬಿಡಲೇ, ನೀರ್ ಬಿಡು!" ಅಂತ ಕೂಗಿದ. ಮೂವತ್ತು ವರ್ಷದ ಹಿಂದೆ ಪಕ್ಕದ ಮನೆಯಲ್ಲೂ ಅವನು ಹೀಗೇ ಕೂಗಿದ್ದ.

ಚಾಕೊಲೇಟ್ ದೃಶ್ಯ ಮುಗಿದ ಮೇಲೆ ನನ್ನ ಅಮ್ಮ ಅರಿಶಿನ, ಸುಣ್ಣ ತಂದರು. ನಿಂಬೆ ಹಿಂಡಿದ್ದು ಮಗ. ಆರು ಲೋಟ ಆಯಿತು, ಇನ್ನೂ ಬೇಕು ಅಂದ. ಮುಂದಿನ ವಾರ ಬುಡಾಪೆಸ್ಟ್. ಅಡುಗೆಮನೆಯ ಹಗ್ಗದ ಮೇಲೆ ಹಾಲಿನ ಕವರ್ ಮೂರು ತೊಳೆದು ಒಣಗಲು ಹಾಕಿದ್ದಾನೆ.