ಅಪ್‌ಡೇಟ್: ಅಮ್ಮನ ಜೊತೆ ಎಲ್ಲೋರ, ದೌಲತಾಬಾದ್ ನೋಡಿ ಬಂದೆವು

ಮಂಡಿ ನೋವಿರುವ ಅಮ್ಮನನ್ನು ಕರೆದುಕೊಂಡು ವಾರಾಂತ್ಯದಲ್ಲಿ ಎಲ್ಲೋರ, ದೌಲತಾಬಾದ್ ನೋಡೋಕೆ ಆಗುತ್ತಾ, ಗೈಡ್ ಬೇಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ಆಗುತ್ತೆ. ಗೈಡ್ ಬೇಕೇ ಬೇಕು.

ಬಿಸಿಲೇರುವ ಮೊದಲೇ 16ನೇ ಗುಹೆ ನೋಡಿ ಅಂದಿದ್ದಿರಿ, ಹಾಗೇ ಮಾಡಿದೆವು. ಅದೇ ಕೈಲಾಸ ದೇವಾಲಯ. ಅದನ್ನು ಬೆಟ್ಟದ ಮೇಲಿನಿಂದ ಕೆಳಕ್ಕೆ ಕಡಿಯುತ್ತಾ ಬಂದಿದ್ದಾರೆ. ಗೈಡ್ ಮೊದಲು ತೋರಿಸಿದ್ದು ಶಿಲ್ಪವನ್ನಲ್ಲ, ಕಲ್ಲಿನಲ್ಲಿದ್ದ ಸಣ್ಣ ಸಣ್ಣ ತೂತುಗಳನ್ನು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾಗುವಾಗ ಒಳಗೆ ಸಿಕ್ಕಿಕೊಂಡ ಅನಿಲದ ಗುಳ್ಳೆಗಳ ಗುರುತಂತೆ. ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಲಾವಾ ಪದರ. ಆಮೇಲೆ ಎಲ್ಲ ಗುಹೆಯಲ್ಲೂ ನನ್ನ ಕಣ್ಣು ಗೋಡೆ ಕಡೆಗೇ!

ಈ ದೇವಾಲಯ ಮಾಡಿಸಿದ್ದು 8ನೇ ಶತಮಾನದ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣ ಎಂದಾಗ ಅಮ್ಮನಿಗೆ ಎಲ್ಲಿಲ್ಲದ ಹುರುಪು. "ಮಳಖೇಡದವರಲ್ವಾ, ನಮ್ಮೋರೇ" ಅಂದರು. ಮಳಖೇಡ ರಾಜಧಾನಿಯಾಗಿದ್ದು ಆಮೇಲೆ, ಅಮೋಘವರ್ಷನ ಕಾಲಕ್ಕೆ ಅಂತ ಗೈಡ್ ನಯವಾಗಿ ತಿದ್ದಿದರು. ಅಮ್ಮ ಒಪ್ಪಲಿಲ್ಲ ಬಿಡಿ.

ಜೈನ ಗುಹೆಗಳು ಇನ್ನೊಂದು ತುದಿಯಲ್ಲಿವೆ. ವಯಸ್ಸಾದವರನ್ನು ಅಲ್ಲಿಗೆ ನಡೆಸಬೇಡಿ, ಗಾಡಿ ಹತ್ತಿಸಿ.

ದೌಲತಾಬಾದ್ ಕೋಟೆಯಲ್ಲಿ ಮೆಟ್ಟಿಲು ಜಾಸ್ತಿ, ಅಮ್ಮ ಕೆಳಗೇ ಉಳಿದರು. ಬಂಡೆಯನ್ನೇ ಕಡಿದು ಮಾಡಿದ ಕಂದಕ, ಕತ್ತಲೆಯ ಸುರಂಗ ದಾರಿ ನೋಡಿದ ಮೇಲೆ 1327ರಲ್ಲಿ ತುಘಲಕ್ ಯಾಕೆ ಇಲ್ಲಿಗೆ ಬಂದ ಅಂತ ಸ್ವಲ್ಪ ಅರ್ಥವಾಯಿತು.

ಅಜಂತಾ ಬಿಟ್ಟೆವು. ಅದು ಔರಂಗಾಬಾದ್ (ಈಗ ಛತ್ರಪತಿ ಸಂಭಾಜಿನಗರ) ನಗರದಿಂದ ಸುಮಾರು 100 ಕಿ.ಮೀ., ಒಂದು ಪೂರ್ತಿ ದಿನ ಬೇಕು. ರಜೆ ಹಾಕಿ ಹೋಗುವವರು ಗಮನಿಸಿ: ಅಜಂತಾಕ್ಕೆ ಸೋಮವಾರ ರಜೆ, ಎಲ್ಲೋರಕ್ಕೆ ಮಂಗಳವಾರ.