ಒಲಿಂಪಿಯಾ ಸ್ಟೇಡಿಯಂನಲ್ಲಿ ತಿರುವೇ ಇಲ್ವಲ್ಲ, ದೊಡ್ಡ ಓಟ ಹೇಗೆ ಓಡುತ್ತಿದ್ದರು?

ಬರಿಗಾಲು:
ಹಳೇ ಕಾಲದ ಒಲಿಂಪಿಕ್ಸ್ ನಡೆಯುತ್ತಿದ್ದ ಗ್ರೀಸ್‌ನ ಒಲಿಂಪಿಯಾದ ಫೋಟೋ ನೋಡುತ್ತಿದ್ದೆ. ಮೊಟ್ಟೆ ಆಕಾರದ ಟ್ರ್ಯಾಕ್ ಇರುತ್ತೆ ಅಂದುಕೊಂಡಿದ್ದೆ, ನೋಡಿದರೆ ಉದ್ದಕ್ಕೆ ಒಂದು ಮಣ್ಣಿನ ಪಟ್ಟಿ, ಸುತ್ತ ಹುಲ್ಲಿನ ದಿಬ್ಬ, ಅಷ್ಟೇ. ಕೂರಲು ಮೆಟ್ಟಿಲೂ ಇಲ್ಲ. ಹಾಳಾಗಿದ್ದಾ, ಮೊದಲೇ ಹೀಗಿತ್ತಾ? ಎರಡೂ ತುದಿಯಲ್ಲಿ ನೆಲಮಟ್ಟಕ್ಕೆ ಕಲ್ಲಿನ ಸಾಲಿದೆ, ಅದರ ಮೇಲೆ ಉದ್ದಕ್ಕೂ ಎರಡು ಗೀರು. ನೀರು ಹೋಗಲು ಮಾಡಿದ್ದಾ?

ಹಳೇ ಮೇಷ್ಟ್ರು:
ನೀರಿಗಲ್ಲ ಮಾರಾಯ್ರೆ, ಕಾಲ್ಬೆರಳಿಗೆ! ಮುಂದಿನ ಗೀರಿಗೆ ಒಂದು ಪಾದದ ಬೆರಳು, ಹಿಂದಿನದಕ್ಕೆ ಇನ್ನೊಂದು. ನಡುವೆ ಒಂದು ಗೇಣೂ ಇಲ್ಲ. ಈಗಿನವರ ಹಾಗೆ ಕೈ ನೆಲಕ್ಕೂರಿ ಕೂರುವುದಿಲ್ಲ, ನಿಂತೇ ಸ್ವಲ್ಪ ಮುಂದಕ್ಕೆ ಬಾಗಿ ಕೈ ಚಾಚಿ ಹೊರಡುವುದು.

ಒಂದು ಸಾಲಿನಿಂದ ಇನ್ನೊಂದಕ್ಕೆ 600 ಅಡಿ. ಅಲ್ಲಿಯ ಅಡಿ ಲೆಕ್ಕದಲ್ಲಿ ಅದು ಸುಮಾರು 192 ಮೀಟರ್, ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್ ತನ್ನ ಪಾದದಿಂದಲೇ ಅಳೆದ ಅಂತ ಕಥೆ. ಗ್ರೀಸ್‌ನದೇ ಇನ್ನೊಂದು ಊರು ಡೆಲ್ಫಿಯ ಸ್ಟೇಡಿಯಂನಲ್ಲೂ 600 ಅಡಿಯೇ, ಆದರೆ ಅಡಿಯೇ ಚಿಕ್ಕದು, ಹಾಗಾಗಿ 177 ಮೀಟರ್ ಚಿಲ್ಲರೆ. ಅಂದರೆ ಬೇರೆ ಬೇರೆ ಊರಿನ ಓಟಗಾರರನ್ನು ಸಮಯ ಹಿಡಿದು ಹೋಲಿಸುವ ಮಾತೇ ಇಲ್ಲ, ಗೆದ್ದವನು ಗೆದ್ದ, ಮುಗಿಯಿತು.

ಒಂದು ಉದ್ದ ಓಡಿದರೆ ಸ್ಟೇಡಿಯೋನ್, ಹೋಗಿ ಬಂದರೆ ಡಯಾಲೋಸ್. ಡೋಲಿಖೋಸ್ ಅನ್ನುವ ದೊಡ್ಡ ಓಟದಲ್ಲಿ ಕಂಬ ಸುತ್ತಿ ಹಿಂದೆ ಮುಂದೆ ಓಡುತ್ತಲೇ ಇರಬೇಕು. ಕಂಬದ ಹತ್ತಿರ ನೂಕುನುಗ್ಗಲು ಹೇಗಿರುತ್ತಿತ್ತೋ, ಪುಣ್ಯಕ್ಕೆ ನಾವಿಲ್ಲ.

ದಿಬ್ಬ ಹಾಳಾಗಿದ್ದಲ್ಲ, ಜನ ಕೂರುತ್ತಿದ್ದದ್ದೇ ಅಲ್ಲಿ. ಸುಮಾರು 45,000 ಮಂದಿ ಹಿಡಿಸುತ್ತಿತ್ತು ಅನ್ನುತ್ತಾರೆ. ಕಲ್ಲಿನ ಆಸನ ತೀರ್ಪುಗಾರರಿಗೆ ಮಾತ್ರ. ಅವರ ಎದುರಿನ ದಿಬ್ಬದಲ್ಲಿ ದೆಮೆಟರ್ ದೇವಿಯ ಬಲಿಪೀಠ, ಅದರ ಪೂಜಾರಿಣಿ ಬಿಟ್ಟರೆ ಮದುವೆಯಾದ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ.

ಸುಮ್ನೆ ಓದುವವಳು:
ಗ್ರೀಸ್‌ನದೇ ನೆಮೆಯಾ ಸ್ಟೇಡಿಯಂ ಕೂಡ ನೋಡಿ, ನನಗೆ ಅದೇ ಜಾಸ್ತಿ ಇಷ್ಟ. ಅಲ್ಲಿ ಓಟಗಾರರ ಮುಂದೆ ಕಂಬಗಳಿಗೆ ಅಡ್ಡಕ್ಕೆ ಹಗ್ಗ ಕಟ್ಟಿರುತ್ತಿದ್ದರು, ಹುರಿ ಹಾಕಿದ ಬೇರೆ ಹಗ್ಗದ ಬಿಗಿಯಲ್ಲಿ ನಿಂತ ಕಂಬಗಳನ್ನು ಹಿಂದಿನಿಂದ ಒಬ್ಬ ಬಿಟ್ಟರೆ ಹಗ್ಗ ಎಲ್ಲರ ಮುಂದೂ ಒಟ್ಟಿಗೆ ನೆಲಕ್ಕೆ ಬೀಳುತ್ತೆ. ಮೋಸಕ್ಕೆ ಜಾಗವಿಲ್ಲ. ಅದಕ್ಕೂ ಹಿಂದಿನ ಕಾಲದಲ್ಲಿ, ಹೇಳುವ ಮುಂಚೆಯೇ ಓಡಿದವನಿಗೆ ಏಟೇ ಗತಿ, ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ.

ಬರಿಗಾಲು:
ಈಗಷ್ಟೇ ಹಾಲ್‌ನಲ್ಲಿ ಮೇಷ್ಟ್ರು ಹೇಳಿದ ಹಾಗೆ ಬಾಗಿ ನಿಂತು ನೋಡಿದೆ, ಮುಗ್ಗರಿಸಿ ಸೋಫಾಗೆ ಬಿದ್ದೆ. ಆಟಗಾರರು ಮೈದಾನಕ್ಕೆ ಬರುತ್ತಿದ್ದದ್ದು ಎಲ್ಲಿಂದ?

ಸುಮ್ನೆ ಓದುವವಳು:
ನೆಮೆಯಾದಲ್ಲಿ ಸುರಂಗದಿಂದ, ಸುಮಾರು 36 ಮೀಟರ್ ಉದ್ದ. ಒಳಗೆ ಕಾಯುತ್ತಾ ನಿಂತವರು ಗೋಡೆ ಮೇಲೆ ಗೀಚಿದ್ದಾರೆ. ಒಬ್ಬ ‘ಅಕ್ರೋಟಾಟೋಸ್ ಚೆಂದ’ ಅಂತ ಒಬ್ಬನ ಹೆಸರು ಬರೆದರೆ, ಇನ್ನೊಬ್ಬ ಅದಕ್ಕೆ ಸೇರಿಸಿದ್ದಾನೆ: ‘ಬರೆದವನ ಕಣ್ಣಿಗೆ’ ಅಂತ. ನಮ್ಮ ಕಾಲೇಜಿನ ಡೆಸ್ಕ್ ಥರಾನೇ ಅಲ್ವಾ 😄