ಹೊಸ ಏರಿಯಾಗೆ ಶಿಫ್ಟ್ ಆಗೋ ಮುಂಚೆ ಏನೇನ್ ನೋಡ್ಬೇಕು?

ಪ್ರಶ್ನೆ: ಮುಂದಿನ ತಿಂಗಳು ಗೊತ್ತೇ ಇಲ್ದಿರೋ ಏರಿಯಾಗೆ ಹೋಗ್ತಿದೀವಿ, ಮನೆ ಏನೋ ಒಪ್ಗೆ ಆಯ್ತು ಆದ್ರೆ ಸುತ್ತಮುತ್ತ ಹೆಂಗೋ ಏನೋ, ಅಡ್ವಾನ್ಸ್ ಕೊಡೋಕ್ ಮುಂಚೆ ಏನ್ ವಿಚಾರಿಸ್ಬೇಕು ಹೇಳ್ರಪ್ಪಾ

ಉತ್ತರ: ಹಗಲು ಒಂದ್ಸಲ ನೋಡಿದ್ರೆ ಸಾಲಲ್ಲ. ರಾತ್ರಿ 10ರ ಮೇಲೆ ಒಂದ್ ರೌಂಡ್ ಹೋಗಿ, ಬೆಳಗ್ಗೆ ಆಫೀಸ್ ಟೈಮಲ್ಲೇ ಅಲ್ಲಿಂದ ಹೊರಟು ನೋಡಿ, ಭಾನುವಾರ ಮ್ಯಾಪ್ ತೋರ್ಸೋ 20 ನಿಮಿಷ ನಂಬ್ಬೇಡಿ. ಮಳೆ ಬಂದ್ರೆ ನೀರು ನಿಲ್ಲತ್ತಾ ಅಂತ ಓನರ್‌ನಲ್ಲ, ಪಕ್ಕದ ಮನೆಯವ್ರನ್ನ ಕೇಳಿ. ಗೋಡೆ ಕೆಳಗಡೆ ಪೇಂಟ್ ಉಬ್ಬಿದ್ರೆ ತೇವ ಇರೋ ಚಾನ್ಸ್ ಜಾಸ್ತಿ.

ಉತ್ತರ: ಸಿಗ್ನಲ್‌ನ ಮನೆ ಒಳಗೇ ಚೆಕ್ ಮಾಡಿ, ನಾನ್ ಮಾಡ್ದೆ ಹೋಗಿ ಒಂದ್ ವರ್ಷ ಟೆರೇಸ್ ಮೇಲೆ ನಿಂತೇ ಮಾತಾಡಿದೀನಿ 😀

ಪ್ರಶ್ನೆ ಕೇಳಿದವರು: ರಾತ್ರಿ ಹೋಗೋದು ತಲೆಗೇ ಬಂದಿರ್ಲಿಲ್ಲ, ಇವತ್ತೇ ಹೋಗ್ತೀನಿ ಥ್ಯಾಂಕ್ಸ್